ಪೊರಕೆ ಹಿಡಿದವರು ಯಾವ ಲೆಕ್ಕ?

ಬಾಣಂತನಕ್ಕೆಂದು ಹೋದ ಹೆಂಗಸಿಗೆ ಫುಟ್‌ಬಾಲಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನನ್ನ ಅಳಿಯಂದಿರೂ ಅದನ್ನೇ ಕೇಳಿದರು. 2019ರ ಬೇಸಿಗೆಯಲ್ಲಿ ಮೆಂತ್ಯ, ಅಂಟು, ಬೆಳ್ಳುಳ್ಳಿಗಳ ಗಂಟು ಕಟ್ಟಿಕೊಂಡು ಇಂಗ್ಲೆಂಡಿಗೆ ಹೋದಾಗ, ಆ ದೇಶದ ಆಟದ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತೇನೆಂದು ನನಗೂ ಗೊತ್ತಿರಲಿಲ್ಲ.

ಮಗಳ ಮನೆ ಇದ್ದದ್ದು ಮ್ಯಾಂಚೆಸ್ಟರಿನ ಉತ್ತರಕ್ಕಿರುವ ಬೆರಿ ಎಂಬ ಊರಿನಲ್ಲಿ. ಇಂಗ್ಲಿಷಿನಲ್ಲಿ ಬರೆದರೆ ‘ಹೂಳುವುದು’ ಎಂಬ ಅರ್ಥ ಕೊಡುವ ಹೆಸರು! ಆದರೂ ನನಗೆ ಊರು ಹಿಡಿಸಿತು. ಜೋರು ಸಂತೆ. ಅಲ್ಲಿ ಹಂದಿಯ ರಕ್ತದಿಂದ ಮಾಡಿದ ಕಪ್ಪು ಕಡುಬು ಬಹಳ ಪ್ರಸಿದ್ಧಿ. ನಾನು ಆ ಅಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ಹೋಗಿ ತರಕಾರಿ ತರುತ್ತಿದ್ದೆ. 1733ರಲ್ಲಿ ಹಾರುವ ಲಾಳಿ ಕಂಡುಹಿಡಿದ ಜಾನ್ ಕೇ ಈ ಸೀಮೆಯವನೇ. ಆ ಲಾಳಿಯಿಂದ ಶುರುವಾದ ಓಟ ಲ್ಯಾಂಕಾಷೈರಿನ ಗಿರಣಿಗಳಾಗಿ, ಆ ಗಿರಣಿ ಬಟ್ಟೆ ನಮ್ಮ ನೇಕಾರರ ಮಗ್ಗಗಳನ್ನು ತೆಪ್ಪಗಾಗಿಸಿದ್ದನ್ನು ಶಾಲೆಯಲ್ಲಿ ಓದಿದ್ದೆ. ಈಗ ನೋಡಿದರೆ ಅವರ ಗಿರಣಿಗಳೂ ಮುಚ್ಚಿವೆ. ಊರಿನವರು ‘ನಮ್ಮದು’ ಎಂದು ಹೇಳಿಕೊಳ್ಳಲು ಉಳಿದದ್ದರಲ್ಲಿ ಒಂದು, 1885ರಲ್ಲಿ ಹುಟ್ಟಿದ ಬೆರಿ ಫುಟ್‌ಬಾಲ್ ಕ್ಲಬ್. ಅಂದಿನಿಂದಲೂ ಗಿಗ್ ಲೇನ್ ಎಂಬ ಒಂದೇ ಮೈದಾನ. 1903ರ ಎಫ್.ಎ. ಕಪ್ ಫೈನಲಿನಲ್ಲಿ ಡರ್ಬಿ ತಂಡವನ್ನು ಇವರು ಆರು ಸೊನ್ನೆಯಿಂದ ಸೋಲಿಸಿದ್ದರು. ಅಷ್ಟು ದೊಡ್ಡ ಗೆಲುವನ್ನು ನೂರಾ ಹದಿನಾರು ವರ್ಷ ಯಾರೂ ಸರಿಗಟ್ಟಲಿಲ್ಲ. ಕೊನೆಗೆ 2019ರ ಮೇ ತಿಂಗಳಲ್ಲಿ ಸರಿಗಟ್ಟಿದ್ದು ಪಕ್ಕದ ಮ್ಯಾಂಚೆಸ್ಟರ್ ಸಿಟಿ, ದುಡ್ಡಿನ ರಾಶಿಯ ಮೇಲೆ ಕೂತ ತಂಡ. ಅದೇ ಹೊತ್ತಿನಲ್ಲಿ ಬೆರಿಯ ಆಟಗಾರರಿಗೆ ಸಂಬಳವಿರಲಿಲ್ಲ.

ಸಂಬಳವಿಲ್ಲದೆಯೂ ಅವರು ಗೆದ್ದಿದ್ದರು, ಅದನ್ನು ಮರೆಯಬಾರದು. ನಾಲ್ಕನೇ ದರ್ಜೆಯ ಲೀಗಿನಲ್ಲಿ ಎರಡನೆಯವರಾಗಿ ಮೂರನೇ ದರ್ಜೆಗೆ ಏರಿದ್ದರು. ಏರಿದ ಮೇಲೆ ಕಾದಿದ್ದು ಎಂಥ ಹಂಗಾಮು! ಸಾಲಗಾರರೊಡನೆ ರಾಜಿ ಮಾಡಿಕೊಂಡದ್ದಕ್ಕೆ ಆಟ ಶುರುವಾಗುವ ಮೊದಲೇ ಹನ್ನೆರಡು ಅಂಕ ಕಡಿತ. ನಡೆಸಲು ಹಣವಿದೆಯೆಂದು ತೋರಿಸಲಿಲ್ಲವೆಂದು ಮೊದಲ ಪಂದ್ಯ ಮುಂದಕ್ಕೆ, ಎರಡನೆಯದೂ ಮುಂದಕ್ಕೆ, ಮೂರನೆಯದೂ. ಒಂದೇ ಒಂದು ಪಂದ್ಯ ಆಡದೆ ಆಗಸ್ಟ್ ಕಳೆಯಿತು.

ಪಕ್ಕದ ಮನೆಯ ಅಜ್ಜಿ ಬಾಣಂತಿಯನ್ನು ನೋಡಲು ಬಂದವರು ನನಗೆ ಇದನ್ನೆಲ್ಲ ಹೇಳಿದ್ದು. ಅವರ ಇಂಗ್ಲಿಷ್ ನನಗೆ ಅರ್ಧ, ನನ್ನ ಇಂಗ್ಲಿಷ್ ಅವರಿಗೆ ಕಾಲು. ಆದರೆ ಕಣ್ಣೀರಿಗೆ ದುಭಾಷಿ ಬೇಕೆ? ಮಗಳೇ ನಡುವೆ ಕೂತು ಬಿಡಿಸಿ ಹೇಳಿದಳು. 2018ರ ಡಿಸೆಂಬರಿನಲ್ಲಿ ಹಿಂದಿನ ಮಾಲಿಕರು ಈ ಕ್ಲಬ್ಬನ್ನು ಸ್ಟೀವ್ ಡೇಲ್ ಎಂಬ ವ್ಯಾಪಾರಸ್ಥರಿಗೆ ಒಂದು ಪೌಂಡಿಗೆ ಮಾರಿದ್ದರು. ಒಂದು ಪೌಂಡು! ನಮ್ಮ ಲೆಕ್ಕದಲ್ಲಿ ಸುಮಾರು ತೊಂಬತ್ತು ರೂಪಾಯಿ. ಮೈದಾನ ಆಗಲೇ ಅಡವಿನಲ್ಲಿತ್ತು. ಬೆರಿಯಲ್ಲಿ ಫುಟ್‌ಬಾಲ್ ತಂಡವಿದೆಯೆಂದೇ ತನಗೆ ಗೊತ್ತಿರಲಿಲ್ಲವೆಂದು ಈ ಹೊಸ ಮಾಲಿಕರು ರೇಡಿಯೋದಲ್ಲಿ ಹೇಳಿದರಂತೆ.

“ಅತ್ತೆ, ಅದೊಂದು ಕಂಪೆನಿ. ನಷ್ಟವಾದ ಕಂಪೆನಿ ಮುಚ್ಚುತ್ತೆ. ಅದರಲ್ಲೇನು ವಿಶೇಷ?” ಎಂದರು ಅಳಿಯಂದಿರು, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ನನ್ನ ತಕರಾರಿರುವುದು ಇಲ್ಲೇ. ಕಿರಾಣಿ ಅಂಗಡಿ ಮುಚ್ಚಿದರೆ ನಾನು ಮುಂದಿನ ಬೀದಿಯ ಅಂಗಡಿಗೆ ಹೋಗುತ್ತೇನೆ. ಬೆರಿಯ ಕ್ಲಬ್ ಮುಚ್ಚಿದರೆ ಆ ಅಜ್ಜಿ ಪಕ್ಕದ ಬೋಲ್ಟನ್ ತಂಡಕ್ಕೆ ಜೈ ಎನ್ನುತ್ತಾರೆಯೇ? ತಾಯಿ ಸತ್ತವರಿಗೆ ಚಿಕ್ಕಮ್ಮನ ವಿಳಾಸ ಕೊಟ್ಟ ಹಾಗಾಯಿತು. ಕಾಗದದಲ್ಲಿ ಅದು ಕಂಪೆನಿ, ನಿಜ. ಆದರೆ ನೂರು ವರ್ಷಗಳಿಗೂ ಹೆಚ್ಚು ಕಾಲ ಟಿಕೆಟ್ ಕೊಂಡವರು, ಚಹಾ ಕಾಸಿದವರು, ಜೆರ್ಸಿ ಒಗೆದವರು ಹಾಕಿದ ಬಂಡವಾಳ ಯಾವ ಖಾತೆಯಲ್ಲಿದೆ? ನಾವು ಹೆಂಗಸರು ಈ ಪ್ರಶ್ನೆಯನ್ನು ಚೆನ್ನಾಗಿ ಬಲ್ಲೆವು. ಮೂವತ್ತು ವರ್ಷ ಗುಡಿಸಿ ಸಾರಿಸಿದ ಮನೆಯ ಪತ್ರದಲ್ಲಿ ನಮ್ಮ ಹೆಸರಿರುವುದಿಲ್ಲವಲ್ಲ, ಇದೂ ಹಾಗೆಯೇ.

ಇನ್ನು ಲೀಗಿನ ದೊಡ್ಡವರ ಮಾತು. ಕ್ಲಬ್ಬನ್ನು ನಡೆಸುವಷ್ಟು ಹಣ ತನ್ನಲ್ಲಿದೆ ಎಂಬುದಕ್ಕೆ ಬೇಕಾದ ಪುರಾವೆಯನ್ನು ಕೊಂಡವರು ಕೊಡುವ ಮೊದಲೇ ಈ ಮಾರಾಟ ಮುಗಿದುಹೋಗಿತ್ತು. ನಾವು ಮನೆ ಬಾಡಿಗೆಗೆ ಕೊಡುವಾಗ ಮುಂಗಡ ಎಣಿಸಿಕೊಳ್ಳದೆ ಕೀಲಿಕೈ ಕೊಡುತ್ತೇವೆಯೇ? ಮಗಳನ್ನು ಕೊಡುವಾಗ ಗಂಡಿನ ಕೆಲಸ, ಸಾಲ, ಸೋದರಮಾವನ ಕುಡಿತದವರೆಗೂ ವಿಚಾರಿಸುತ್ತೇವೆ. ಲೀಗಿನಲ್ಲಿ 125 ವರ್ಷ ಆಡಿದ ಕ್ಲಬ್ಬಿಗೆ ಅಷ್ಟೂ ವಿಚಾರಣೆ ಬೇಡವಾಯಿತು! ಉಳಿದ ತಂಡಗಳ ಪಂದ್ಯಪಟ್ಟಿ ಕೆಡಬಾರದು, ಗಡುವು ಗಡುವೇ ಎಂದು ಅವರು ಹೇಳಿದ್ದರಲ್ಲಿ ನ್ಯಾಯವಿಲ್ಲವೆನ್ನಲಾರೆ. ಆದರೆ ಶಿಕ್ಷೆ ಯಾರ ಬೆನ್ನಿಗೆ ಬಿತ್ತು ನೋಡಿ. ಅಂಕ ಹೋದದ್ದು ಆಟಗಾರರದ್ದು, ಕೆಲಸ ಹೋದದ್ದು ಸಿಬ್ಬಂದಿಯದ್ದು, ಶನಿವಾರ ಹೋದದ್ದು ಊರಿನದ್ದು.

ಒಂದು ಮಾತು ಒಪ್ಪಿಕೊಳ್ಳಬೇಕು. ಹಿಂದಿನ ಮಾಲಿಕರು ಆದಾಯಕ್ಕೆ ಮೀರಿ ಖರ್ಚು ಮಾಡಿ ಆಟಗಾರರನ್ನು ತಂದಾಗ ಚಪ್ಪಾಳೆ ತಟ್ಟಿದವರಲ್ಲಿ ಊರಿನವರೂ ಇದ್ದರು. ಅಜ್ಜಿಯನ್ನು ಇದನ್ನೇ ಕೇಳಿದೆ. ಅವರು ಸಿಟ್ಟಾಗಲಿಲ್ಲ. “ಮದುವೆ ಊಟ ಮಾಡುವಾಗ ಸಾಲದ ಲೆಕ್ಕ ಯಾರು ಕೇಳುತ್ತಾರೆ?” ಎಂಬರ್ಥದ ಏನೋ ಹೇಳಿದರು, ಅಥವಾ ನನ್ನ ಮಗಳು ಹಾಗೆ ಕನ್ನಡ ಮಾಡಿದಳು.

ಆ ಆಗಸ್ಟಿನಲ್ಲಿ ನನ್ನ ಮನಸ್ಸು ಹಿಡಿದವರು ಜಾಯ್ ಹಾರ್ಟ್ ಎಂಬ ಹೆಂಗಸು. ಹಿಂದೆ ಇದೇ ಕ್ಲಬ್ಬಿನ ನಿರ್ದೇಶಕಿಯಾಗಿದ್ದವರು. ಅವರ ತಂದೆ ಲೆಸ್ ಹಾರ್ಟ್ ನಾಲ್ಕು ದಶಕಗಳಿಗೂ ಮಿಕ್ಕಿ ಇಲ್ಲಿ ದುಡಿದವರು. ಆಕೆ ಗಿಗ್ ಲೇನಿನ ನೀರಿನ ಕೊಳವೆಗೆ ತನ್ನ ಕೈಗೆ ಬೇಡಿ ಹಾಕಿಕೊಂಡು ನಿಂತುಬಿಟ್ಟರು. ಟಿ.ವಿ.ಯಲ್ಲಿ ಅದನ್ನು ನೋಡಿ ಅಳಿಯಂದಿರು ನಕ್ಕರು. ನನಗೆ ನಗು ಬರಲಿಲ್ಲ. 1921ರ ಡಿಸೆಂಬರಿನಲ್ಲಿ ಇದೇ ದೇಶದ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ತಕ್ಕದ್ದಲ್ಲವೆಂದು ತನ್ನ ಕ್ಲಬ್ಬುಗಳ ಮೈದಾನಗಳಿಂದ ಅವರನ್ನು ಹೊರಗಟ್ಟಿತ್ತು. ಅದಕ್ಕೆ ಒಂದು ವರ್ಷ ಮೊದಲು ಲಿವರ್‌ಪೂಲಿನಲ್ಲಿ ಹೆಂಗಸರ ಪಂದ್ಯ ನೋಡಲು ಐವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು! ಆ ನಿಷೇಧ ಸುಮಾರು ಐವತ್ತು ವರ್ಷ ನಡೆಯಿತು. ಹಾಗೆ ಹೊರಗಿಟ್ಟ ಆಟಕ್ಕಾಗಿ ಒಬ್ಬ ಹೆಂಗಸು ಕೈಗೆ ಬೇಡಿ ಹಾಕಿಕೊಂಡರೆ ನಗುವ ವಿಷಯವೆ?

ಆಗಸ್ಟ್ 27, ಮಂಗಳವಾರ. ಸಂಜೆ ಐದಕ್ಕೆ ಗಡುವು. ಯಾರೋ ಹೊಸಬರು ಕೊಳ್ಳುತ್ತಾರೆ, ಶನಿವಾರ ಪಂದ್ಯ ನಡೆಯುತ್ತದೆ ಎಂಬ ಆಸೆಯಲ್ಲಿ ಊರಿನವರು ಮೈದಾನ ಸ್ವಚ್ಛ ಮಾಡಲು ಹೋದರು. ಅಜ್ಜಿಯೂ ಮನೆಯಿಂದ ಪೊರಕೆ ಹಿಡಿದು ಹೊರಟರು, ಮಂಡಿನೋವಿನ ಕಾಲೆಳೆಯುತ್ತ. ಇವರು ಕುರ್ಚಿ ಒರೆಸುತ್ತಿದ್ದಾಗಲೇ, ಗಡುವಿಗೆ ಇನ್ನೂ ಒಂದೆರಡು ಗಂಟೆಯಿರುವಾಗ, ಕೊಳ್ಳುವವರು ಹಿಂದೆ ಸರಿದರು. ಅಂದು ರಾತ್ರಿ ಕ್ಲಬ್ಬನ್ನು ಲೀಗಿನಿಂದ ತೆಗೆದುಹಾಕಿದ ಸುದ್ದಿ ಬಂತು. ಮರುದಿನ ಹಾಲಿನ ಡಬ್ಬ ತರಲು ಹೋದಾಗ ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಪೊರಕೆ ಅಲ್ಲೇ ಬಿಟ್ಟುಬಂದೆ ಎಂದರು.

ಆಮೇಲೆ ಆದದ್ದನ್ನು ಚುಟುಕಾಗಿ ಹೇಳುತ್ತೇನೆ. ಊರಿನವರು ತಮ್ಮದೇ ಹೊಸ ತಂಡ ಕಟ್ಟಿದರು. 2022ರಲ್ಲಿ ಸರ್ಕಾರದ ನೆರವೂ ಸೇರಿ ಮೈದಾನ ಅಭಿಮಾನಿಗಳ ಕೈಗೆ ಬಂತು. 2023ರಲ್ಲಿ ಗಿಗ್ ಲೇನಿನಲ್ಲಿ ಬೆರಿ ತಂಡ ಮತ್ತೆ ಆಡಿತು, ಒಂಬತ್ತನೇ ದರ್ಜೆಯಲ್ಲಿ. ಮಾಲಿಕರನ್ನು ಪರೀಕ್ಷಿಸಲು, ಮೈದಾನ ಮಾರಾಟ ತಡೆಯಲು ಸ್ವತಂತ್ರ ನಿಯಂತ್ರಕರನ್ನು ತರುವ ಕಾನೂನು ಬರಲು 2025ರ ಜುಲೈ ಆಗಬೇಕಾಯಿತು. ಆರು ವರ್ಷ! ಅಷ್ಟರಲ್ಲಿ ನನ್ನ ಮೊಮ್ಮಗ ಶಾಲೆಗೆ ಹೋಗುತ್ತಿದ್ದ.

ಮೊನ್ನೆ ಮಗಳು ಫೋನು ಮಾಡಿದ್ದಳು. ಅಳಿಯಂದಿರು ಮಗುವನ್ನು ಗಿಗ್ ಲೇನಿಗೆ ಕರೆದುಕೊಂಡು ಹೋಗಿದ್ದರಂತೆ, ಅಜ್ಜಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು. “ಕಂಪೆನಿ ನೋಡಲು ಹೋಗಿದ್ದರೋ?” ಎಂದು ಕೇಳಿದೆ. ಆಚೆಯಿಂದ ಉತ್ತರ ಬರಲಿಲ್ಲ. ತಂಡ ಸೋತಿತಂತೆ, ಮಳೆಯಲ್ಲಿ ನೆನೆದು ಮಗುವಿಗೆ ನೆಗಡಿಯಂತೆ. ಓಮದ ಹೊಗೆ ಹಾಕು ಎಂದೆ. ಮುಂದಿನ ಶನಿವಾರವೂ ಹೋಗುತ್ತಾರಂತೆ.