ಕಳ್ಳನಿಗೂ ಈಗ ಚೆಂದದ ಕನ್ನಡ ಬರುತ್ತೆ



ಮೋಸದ ಮೆಸೇಜ್ ಗುರುತಿಸೋದು ಕೆಲವು ವರ್ಷಗಳ ಹಿಂದೆ ಸುಲಭವಿತ್ತು. "ನಿಮ್ಮ ಖಾತೆ ಮುಚ್ಚಲ್ಪಡು ಆಗಿದೆ, ದಯೆಯಿಂದ ಕೆಳಗೆ ಒತ್ತು" ಅನ್ನೋ ಹರಕು ಮುರುಕು ಕನ್ನಡ ಕಂಡ ಕೂಡಲೇ ನಕ್ಕು ಡಿಲೀಟ್ ಮಾಡ್ತಿದ್ವಿ. ಹಿಂದಿಯಲ್ಲಿ ಫೋನ್ ಬಂದರೆ ಅಜ್ಜಿಗೆ ಅರ್ಥವಾಗದೆ ಅವರೇ ಇಟ್ಟುಬಿಡ್ತಿದ್ರು. ಕಳ್ಳನಿಗೆ ನಮ್ಮ ಭಾಷೆ ಬಾರದ್ದೇ ಎಷ್ಟೋ ಮನೆಗಳ ದುಡ್ಡು ಕಾಪಾಡಿತು.

ಆ ಬೇಲಿ ಈಗ ಬಿದ್ದುಹೋಗಿದೆ. ಎಐ ಉಪಕರಣಗಳು ತಪ್ಪಿಲ್ಲದ ಕನ್ನಡದಲ್ಲಿ ಬ್ಯಾಂಕಿನ ನೋಟಿಸಿನಂಥದ್ದನ್ನೇ ಬರೆದುಕೊಡ್ತವೆ. ಕೆಲವು ಸೆಕೆಂಡಿನ ಆಡಿಯೋ ಸಿಕ್ಕರೆ ಒಬ್ಬರ ದನಿಯನ್ನೇ ನಕಲು ಮಾಡ್ತವೆ. ಆ ಆಡಿಯೋ ಹುಡುಕಿಕೊಂಡು ಕಳ್ಳ ಅಲೆಯಬೇಕಿಲ್ಲ, ನಾವು ಹಾಕೋ ರೀಲ್ಸ್, ಸ್ಟೇಟಸ್ಸೇ ಸಾಕು.

ಇದು ದೂರದ ಕಥೆಯಲ್ಲ. 2023ರ ಜುಲೈನಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ನಿವೃತ್ತ ನೌಕರರೊಬ್ಬರಿಗೆ ಹಳೇ ಸಹೋದ್ಯೋಗಿಯ ಹೆಸರಿನಲ್ಲಿ ವಾಟ್ಸಾಪ್ ಬಂತು. ಆಮೇಲೆ ವಿಡಿಯೋ ಕಾಲ್. ಕೆಲವೇ ಸೆಕೆಂಡು ಕಂಡದ್ದು ಅದೇ ಮುಖ, ಕೇಳಿಸಿದ್ದು ಅದೇ ದನಿ. ಆಸ್ಪತ್ರೆ ಖರ್ಚು, ತುರ್ತು ಅಂದಾಗ ಅವರು 40,000 ರೂಪಾಯಿ ಕಳಿಸಿದರು. ಮತ್ತೆ 35,000 ಕೇಳಿದಾಗ ಅನುಮಾನ ಬಂತು. ತಮ್ಮ ಹತ್ತಿರ ಇದ್ದ ನಂಬರಿಗೆ ತಾವೇ ಫೋನ್ ಮಾಡಿದರು. ನಿಜವಾದ ಗೆಳೆಯನಿಗೆ ಏನೂ ಗೊತ್ತೇ ಇರಲಿಲ್ಲ. ಬೇಗ ದೂರು ಕೊಟ್ಟಿದ್ದರಿಂದ ಪೊಲೀಸರು ಆ ದುಡ್ಡನ್ನು ತಡೆದು ವಾಪಸ್ ಕೊಡಿಸಿದರು.

ಗಡಿಭಾಗದ ನಮಗೆ ಇದರಲ್ಲಿ ಎರಡು ಪಟ್ಟು ಅಪಾಯವಿದೆ. ಅಕ್ಕಲಕೋಟೆಯಲ್ಲೋ ಹೊಸೂರಿನಲ್ಲೋ ಮಡಕಶಿರಾದಲ್ಲೋ ಆಫೀಸಿನವರು ಕನ್ನಡದಲ್ಲಿ ಫೋನ್ ಮಾಡೋದು ಅಪರೂಪ. ಮಾಡಿದರೆ "ಇವರು ನಮ್ಮೋರು" ಅಂತ ಅರ್ಧ ನಂಬಿಕೆ ಅಲ್ಲೇ ಹುಟ್ಟುತ್ತೆ. ಕಳ್ಳನಿಗೆ ಬೇಕಾಗಿರೋದೂ ಅದೇ. ಇನ್ನೊಂದು ಕಡೆ, ಎಚ್ಚರಿಕೆಯ ಪೋಸ್ಟರು, ಪೊಲೀಸರ ವಿಡಿಯೋ ಹೆಚ್ಚಾಗಿ ಆಯಾ ರಾಜ್ಯದ ಭಾಷೆಯಲ್ಲೇ ಬರ್ತವೆ. ಮೋಸ ಕನ್ನಡದಲ್ಲಿ, ಎಚ್ಚರಿಕೆ ಮಾತ್ರ ಬೇರೆ ಭಾಷೆಯಲ್ಲಿ!

ಹಾಗಾಗಿ ನಾವು ಹೇಳೋದು ಇಷ್ಟೇ: ಭಾಷೆ, ದನಿ, ಮುಖ ನೋಡಿ ನಂಬೋ ಕಾಲ ಮುಗೀತು. ಇನ್ನು ಏನು ಕೇಳ್ತಿದ್ದಾರೆ ಅನ್ನೋದನ್ನಷ್ಟೇ ನೋಡಬೇಕು. ಅವಸರ ಮಾಡ್ತಾರಾ? ಯಾರಿಗೂ ಹೇಳಬೇಡಿ ಅಂತಾರಾ? ದುಡ್ಡು, ಓಟಿಪಿ ಕೇಳ್ತಾರಾ, ಇಲ್ಲಾ ವಾಟ್ಸಾಪಲ್ಲಿ ಎಪಿಕೆ ಫೈಲ್ ಕಳಿಸಿ ಇನ್‌ಸ್ಟಾಲ್ ಮಾಡಿ ಅಂತಾರಾ? ಕನ್ನಡ ಎಷ್ಟೇ ಚೆನ್ನಾಗಿರಲಿ, ಫೋನ್ ಇಡಿ. ನಿಮ್ಮ ಹತ್ತಿರ ಮೊದಲೇ ಇರೋ ನಂಬರಿಗೆ ನೀವೇ ಮಾಡಿ ವಿಚಾರಿಸಿ. ದುಡ್ಡು ಪಡೆಯೋಕೆ ಯುಪಿಐ ಪಿನ್ ಬೇಕಿಲ್ಲ, ಕಳಿಸೋಕೆ ಮಾತ್ರ ಬೇಕು. "ಡಿಜಿಟಲ್ ಅರೆಸ್ಟ್" ಅನ್ನೋದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಮಾತು ಗೊತ್ತು ಮಾಡಿಕೊಳ್ಳಿ. ಮಗನ ದನಿಯಲ್ಲಿ ದುಡ್ಡು ಕೇಳಿ ಫೋನ್ ಬಂದರೆ ಅಮ್ಮ ಅದನ್ನು ಕೇಳಲಿ.

ದುಡ್ಡು ಹೋಗಿಬಿಟ್ಟರೆ? ಬ್ಯಾಂಕ್ ಕೌಂಟರಿನಲ್ಲಿ ನಾವು ನೋಡೋದು ಏನಂದ್ರೆ, ಜನ ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದು ಆಮೇಲೆ ಬರ್ತಾರೆ. ಅಷ್ಟರಲ್ಲಿ ದುಡ್ಡು ನಾಲ್ಕಾರು ಖಾತೆ ದಾಟಿರುತ್ತೆ. ನಾಚಿಕೆ ಬೇಡ, ತಕ್ಷಣ 1930ಕ್ಕೆ ಕರೆ ಮಾಡಿ. ದುಡ್ಡು ಹೋದ ಸಮಯ, ಮೊತ್ತ, ಯುಟಿಆರ್ ನಂಬರ್ ಕೈಯಲ್ಲಿರಲಿ. ಬ್ಯಾಂಕಿಗೂ ಕೂಡಲೇ ತಿಳಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ನಡೆದ ವಂಚನೆಯನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರ್ತಿರಲಿಲ್ಲ. ಓಟಿಪಿ ನೀವೇ ಹೇಳಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದೇ, ತಿಳಿಸಿದ ಮೇಲಿನದ್ದು ಬ್ಯಾಂಕಿನದು ಅಂತ ಅದರಲ್ಲಿತ್ತು. ಅದಕ್ಕೇ ಒಂದೊಂದು ನಿಮಿಷವೂ ಮುಖ್ಯ.

ಯುವಕರಿಗೆ ಇನ್ನೊಂದು ಮಾತು. "ನಿನ್ನ ಖಾತೆ ಕೊಡು, ದುಡ್ಡು ಬಂದು ಹೋಗುತ್ತೆ, ಕಮಿಷನ್ ಕೊಡ್ತೀವಿ" ಅಂತ ಯಾರಾದ್ರೂ ಕೇಳಿದರೆ ಒಪ್ಪಬೇಡಿ. ಕದ್ದ ದುಡ್ಡು ಹರಿಯೋದು ಇಂಥ ಬಾಡಿಗೆ ಖಾತೆಗಳಲ್ಲೇ. ಖಾತೆ ಫ್ರೀಜ್ ಆದಾಗ, ಬೇರೆ ರಾಜ್ಯದ ಪೊಲೀಸರು ಮನೆಗೆ ಬಂದಾಗ ಕಮಿಷನ್ ಕೊಟ್ಟವನು ಫೋನೇ ಎತ್ತಲ್ಲ.

1930ಕ್ಕೆ ಮಾಡಿದ ಕರೆಗೆ ಉತ್ತರ ಕನ್ನಡದಲ್ಲೇ ಸಿಗುತ್ತೆ ಅನ್ನೋ ಭರವಸೆ ನಮ್ಮ ಊರುಗಳಲ್ಲಿಲ್ಲ. ತಾಳವಾಡಿಯ ಅಜ್ಜ ತಮಿಳಿನಲ್ಲಿ, ಜತ್ತದ ಅಜ್ಜಿ ಮರಾಠಿಯಲ್ಲಿ ದೂರು ವಿವರಿಸೋದು ಕಷ್ಟ. ಆದರೆ ನಿಮಗೆ ಎರಡೂ ಭಾಷೆ ಬರುತ್ತೆ. ಗಡಿಯಲ್ಲಿ ಹುಟ್ಟಿದ್ದಕ್ಕೆ ಸಿಕ್ಕ ಈ ಆಸ್ತಿಯನ್ನು ಊರಿಗಾಗಿ ಬಳಸಿ. ದುಡ್ಡು ಕಳಕೊಂಡವರ ಪಕ್ಕ ಕೂತು ಫೋನ್ ಮಾಡಿಕೊಡಿ. "ಇಷ್ಟೂ ಗೊತ್ತಾಗಲಿಲ್ವಾ" ಅಂತ ಬೈಯಬೇಡಿ, ಬೈದರೆ ಮುಂದಿನ ಸಲ ಅವರು ಹೇಳೋದೇ ಇಲ್ಲ. ನಿಮ್ಮೂರಿನ ಬ್ಯಾಂಕ್ ಶಾಖೆಯಲ್ಲಿ ಎಚ್ಚರಿಕೆ ಫಲಕ ಕನ್ನಡದಲ್ಲೂ ಇರಲಿ ಅಂತ ಮ್ಯಾನೇಜರಿಗೆ ಅರ್ಜಿ ಬರೆಯಿರಿ. ಅದು ಬರುವವರೆಗೆ ಕಾಯೋದು ಬೇಡ. ಇವತ್ತೇ ಮನೆಯ ಹಿರಿಯರ ಫೋನಿನಲ್ಲಿ 1930 ಸೇವ್ ಮಾಡಿ, ಯಾಕೆ ಅಂತ ಕನ್ನಡದಲ್ಲಿ ಹೇಳಿಕೊಡಿ.