ವಿಧಿವಿಜ್ಞಾನ: ಪ್ರಯೋಗಾಲಯಕ್ಕಿಂತ ಮೊದಲು ಠಾಣೆಯ ಪ್ರಶ್ನೆ

ಬಳ್ಳಾರಿ: ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಗೆ ಗುರಿಯಾಗುವ ಪ್ರತಿಯೊಂದು ಅಪರಾಧದಲ್ಲೂ ವಿಧಿವಿಜ್ಞಾನ ತಜ್ಞರು ಘಟನಾ ಸ್ಥಳಕ್ಕೆ ತೆರಳಿ ಸಾಕ್ಷ್ಯ ಸಂಗ್ರಹಿಸಬೇಕು, ಆ ಪ್ರಕ್ರಿಯೆಯನ್ನು ಚಿತ್ರೀಕರಿಸಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ವಿಧಿಸುತ್ತದೆ. ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಈ ಕಲಮನ್ನು ಅನ್ವಯಿಸುವ ದಿನಾಂಕವನ್ನು ಐದು ವರ್ಷಗಳೊಳಗೆ ಪ್ರಕಟಿಸುವ ಅವಕಾಶ ರಾಜ್ಯ ಸರಕಾರಗಳಿಗಿದೆ. ಐದು ವರ್ಷ ದೀರ್ಘವೆನಿಸಬಹುದು. ಆದರೆ ಹೊರೆಯ ಗಾತ್ರವನ್ನು ನೋಡಿದರೆ ಹಾಗೆನ್ನಲಾಗದು.

ಕೊಲೆ, ಅತ್ಯಾಚಾರ, ವರದಕ್ಷಿಣೆ ಸಾವುಗಳು ಈ ವ್ಯಾಪ್ತಿಗೆ ಬರುತ್ತವೆಂಬುದು ಎಲ್ಲರೂ ಊಹಿಸಬಹುದಾದ ಸಂಗತಿ. ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನ ಪ್ರಕಾರ ವಾಸದ ಮನೆಯಲ್ಲಿ ನಡೆಯುವ ಕಳವಿಗೂ ಏಳು ವರ್ಷದವರೆಗೆ ಶಿಕ್ಷೆಯಿದೆ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅಂದರೆ ಕೌಲ್‌ಬಜಾರಿನ ಮನೆಯೊಂದರ ಬೀಗ ಮುರಿದು ಒಡವೆ ಕದ್ದರೂ ತಜ್ಞರು ಬರಬೇಕು. 318(4)ನೇ ಕಲಮಿನ ವಂಚನೆಗೂ ಏಳು ವರ್ಷ. ಮೊಬೈಲಿಗೆ ಬಂದ ಕರೆ ನಂಬಿ ಹಣ ಕಳೆದುಕೊಂಡ ಪ್ರಕರಣದಲ್ಲಿ ತಜ್ಞರು ಭೇಟಿ ನೀಡಬೇಕಾದ ಘಟನಾ ಸ್ಥಳ ಯಾವುದು? ಕಾನೂನು ರಚಿಸಿದವರು ಈ ಪ್ರಶ್ನೆಯನ್ನು ಠಾಣಾಧಿಕಾರಿಯ ವಿವೇಚನೆಗೆ ಬಿಟ್ಟಂತಿದೆ.

2021ರಲ್ಲಿ ವಿಜಯನಗರ ಜಿಲ್ಲೆ ಬೇರ್ಪಟ್ಟ ನಂತರ ಬಳ್ಳಾರಿಗೆ ಉಳಿದದ್ದು ಐದು ತಾಲೂಕು. ಜಿಲ್ಲಾ ಕೇಂದ್ರದಿಂದ ಕುರುಗೋಡು ಸುಮಾರು 30 ಕಿ.ಮೀ., ಸಿರುಗುಪ್ಪ 50 ಕಿ.ಮೀ.ಗೂ ಹೆಚ್ಚು. ತಜ್ಞರ ತಂಡ ಎಷ್ಟೇ ಶೀಘ್ರವಾಗಿ ಹೊರಟರೂ ಅದಕ್ಕೆ ಮೊದಲು ಸ್ಥಳದಲ್ಲಿರುವವರು ಊರಿನ ಜನ ಮತ್ತು ಸ್ಥಳೀಯ ಠಾಣೆಯ ಪೇದೆ. ಹೆಜ್ಜೆ ಗುರುತು ಉಳಿಯುವುದೂ ಅಳಿಯುವುದೂ ಆ ಹೊತ್ತಿನಲ್ಲೇ. ರಕ್ತಸಿಕ್ತ ಬಟ್ಟೆಯನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಅರಗು ಹಾಕಿದರೆ ಒಳಗೆ ಬೂಷ್ಟು ಹಿಡಿದು ಡಿಎನ್ಎ ಹಾಳಾಗುತ್ತದೆ. ನೆರಳಿನಲ್ಲಿ ಆರಿಸಿ ಕಾಗದದ ಲಕೋಟೆಯಲ್ಲಿ ಇಡಬೇಕು. ಇಲ್ಲಿ ಬೇಕಾದದ್ದು ಯಂತ್ರವಲ್ಲ, ತಿಳಿವಳಿಕೆ.

ಭತ್ತ, ಮೆಣಸಿನಕಾಯಿ ಬೆಳೆಯುವ ಈ ಸೀಮೆಯಲ್ಲಿ ಇನ್ನೊಂದು ಬಗೆಯ ಪ್ರಕರಣಕ್ಕೆ ವಿಶೇಷ ಮಹತ್ವವಿದೆ. ಕ್ರಿಮಿನಾಶಕದ ಡಬ್ಬಿ ರೈತರ ಮನೆಯಲ್ಲಿ ಕೈಗೆ ಸುಲಭವಾಗಿ ಸಿಗುವ ವಸ್ತು. ವಿಷ ಸೇವಿಸಿ ಸೊಸೆಯೊಬ್ಬಳು ಸತ್ತಾಗ ಅದು ಆತ್ಮಹತ್ಯೆಯೋ, ಕೊಲೆಯೋ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಮರಣೋತ್ತರ ಪರೀಕ್ಷೆಯಲ್ಲಿ ತೆಗೆದ ಜಠರ, ಯಕೃತ್ತು, ಮೂತ್ರಪಿಂಡದ ಮಾದರಿಗಳಿಂದ ಆರಂಭವಾಗುತ್ತದೆ. ಇವುಗಳನ್ನು ಸಾಮಾನ್ಯವಾಗಿ ಉಪ್ಪಿನ ಗಾಢ ದ್ರಾವಣದಲ್ಲಿಯೂ, ರಕ್ತವನ್ನು ಸೋಡಿಯಂ ಫ್ಲೋರೈಡ್ ಬೆರೆಸಿಯೂ ಕಾಪಾಡಲಾಗುತ್ತದೆ. ಬಳಸಿದ ದ್ರಾವಣದ್ದೇ ಒಂದು ಪ್ರತ್ಯೇಕ ಮಾದರಿಯನ್ನೂ ಕಳುಹಿಸಬೇಕು. ಇಲ್ಲವಾದರೆ ಪತ್ತೆಯಾದ ಅಂಶ ದೇಹದ್ದೋ, ಶೀಶೆಯದ್ದೋ ಎಂದು ಪ್ರತಿವಾದಿ ವಕೀಲರು ಕೇಳಿಯೇ ಕೇಳುತ್ತಾರೆ. ಗ್ಯಾಸ್ ಕ್ರೊಮ್ಯಾಟೊಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೊಮೆಟ್ರಿ ಉಪಕರಣಗಳು ಅತ್ಯಲ್ಪ ಪ್ರಮಾಣದ ಕ್ರಿಮಿನಾಶಕವನ್ನೂ ಹೆಸರಿಸಬಲ್ಲವು. ಅದನ್ನು ಕುಡಿಸಿದವರು ಯಾರೆಂದು ಹೇಳಲಾರವು. ಅದಕ್ಕೆ ಡಬ್ಬಿಯ ಮೇಲಿನ ಬೆರಳಚ್ಚು, ಲೋಟದ ತಳದ ಶೇಷ, ಅಂಗಡಿಯ ರಸೀದಿ ಬೇಕು. ಇವೆಲ್ಲವೂ ಮೊದಲ ದಿನದ ಮಹಜರಿನಲ್ಲೇ ದಾಖಲಾಗಬೇಕಾದ ವಸ್ತುಗಳು.

ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನೀಡಿದ ತೀರ್ಪು ಈ ಹಿನ್ನೆಲೆಯಲ್ಲಿ ಗಮನಾರ್ಹ. ತಮಿಳುನಾಡಿನ ಜೋಡಿ ಕೊಲೆ ಪ್ರಕರಣವೊಂದರಲ್ಲಿ ಗಲ್ಲು ಶಿಕ್ಷೆಗೊಳಗಾಗಿದ್ದ ವ್ಯಕ್ತಿಯನ್ನು ನ್ಯಾಯಾಲಯ ಖುಲಾಸೆಗೊಳಿಸಿತು. ತನಿಖೆಯ ಲೋಪಗಳ ಪೈಕಿ ಡಿಎನ್ಎ ಮಾದರಿಗಳ ನಿರ್ವಹಣೆ ಮುಖ್ಯವಾದದ್ದು. ಮಾದರಿ 48 ಗಂಟೆಗಳೊಳಗೆ ಪ್ರಯೋಗಾಲಯ ತಲುಪಬೇಕು, ವಿಳಂಬವಾದರೆ ಕಾರಣ ದಾಖಲಿಸಬೇಕು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ವಹಿಯನ್ನು ಪ್ರಕರಣ ಮುಗಿಯುವವರೆಗೂ ಇಡಬೇಕು ಎಂದು ನ್ಯಾಯಪೀಠ ದೇಶದ ಎಲ್ಲ ಪೊಲೀಸರಿಗೆ ನಿರ್ದೇಶಿಸಿತು. ಶನಿವಾರ ಸಂಜೆ ಸಿರುಗುಪ್ಪದಲ್ಲಿ ಸಂಗ್ರಹಿಸಿದ ಮಾದರಿಗೆ ಈ 48 ಗಂಟೆ ಸೋಮವಾರ ಸಂಜೆಗೆ ಮುಗಿಯುತ್ತದೆ.

ವಿಜ್ಞಾನದ ಹೆಸರಿನಲ್ಲಿ ಅಡ್ಡದಾರಿ ಹಿಡಿದ ಅನುಭವವೂ ಕರ್ನಾಟಕಕ್ಕಿದೆ. 2000ದ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಾದ್ಯಂತ ಹೆಸರಾಗಿತ್ತು. ಛಾಪಾ ಕಾಗದ ಹಗರಣದ ತೆಲಗಿಯ ಹೇಳಿಕೆಗಳನ್ನು ಟಿವಿ ವಾಹಿನಿಗಳು ದಿನವಿಡೀ ಬಿತ್ತರಿಸಿದ್ದವು. ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ, ಮೆದುಳಿನ ಪರೀಕ್ಷೆ ನಡೆಸುವುದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಪ್ರಕರಣದಲ್ಲಿ ತೀರ್ಪಿತ್ತಿತು. ಆರೋಪಿಯ ಬಾಯಿ ಬಿಡಿಸುವುದಕ್ಕೆ ಸಿಕ್ಕಿದ ಆ ಪ್ರಚಾರದ ಕಿಂಚಿತ್ತಾದರೂ ಭಾಗ ಲಕೋಟೆ ಕಟ್ಟುವ ಪೇದೆಯ ತರಬೇತಿಗೆ ಸಿಕ್ಕಿರಲಿಲ್ಲ.

ಘಟನಾ ಸ್ಥಳಕ್ಕೆಂದೇ ಪ್ರತ್ಯೇಕ ಅಧಿಕಾರಿಗಳ ಹುದ್ದೆಗಳನ್ನು ರಾಜ್ಯ ಸರಕಾರ ಈಗಾಗಲೇ ಸೃಷ್ಟಿಸಿದೆ, ಕ್ರಮ ಸರಿಯಾದದ್ದೇ. ಆದರೆ 176(3)ರ ದಿನಾಂಕ ಪ್ರಕಟಿಸುವಾಗ ಸರಕಾರ ಪ್ರಯೋಗಾಲಯಗಳ ಲೆಕ್ಕವನ್ನಷ್ಟೇ ನೀಡಿದರೆ ಸಾಲದು. ಸಿರುಗುಪ್ಪ, ಕುರುಗೋಡಿನಂಥ ಠಾಣೆಗಳಲ್ಲಿ ಮಾದರಿ ಇಡಲು ಶೀತಕ ಪೆಟ್ಟಿಗೆ ಇದೆಯೇ, ಹಸ್ತಾಂತರದ ವಹಿ ಇದೆಯೇ, ರಾತ್ರಿ ಪಾಳಿಯಲ್ಲಿ ತರಬೇತಿ ಪಡೆದ ಒಬ್ಬ ಸಿಬ್ಬಂದಿಯಾದರೂ ಇದ್ದಾರೆಯೇ ಎಂಬ ವಿವರವನ್ನೂ ತಾಲೂಕುವಾರು ಜನರ ಮುಂದಿಡಬೇಕು.