ನಾಣ್ಯದಷ್ಟು ಜಂಗಿಗೆ ಕಾರೇ ಮಾರಬೇಕೇನ್ರಿ?

ಬೆಂಗಳೂರಿನಿಂದ ಹಬ್ಬಕ್ಕೆ ಊರಿಗೆ ಹೋಗುವ ನಮ್ಮ ಐಟಿ ಹುಡುಗರಿಗೆ ಒಂದು ಚಟ ಇದೆ. ಅಪ್ಪನ ಹಳೇ ಮಾರುತಿ 800 ಸುತ್ತ ಒಂದು ಸುತ್ತು ಹಾಕ್ತಾರೆ. ಬಾಗಿಲ ಕೆಳಗೆ ರೂಪಾಯಿ ನಾಣ್ಯದಷ್ಟು ಕಂದು ಕಲೆ ಕಂಡರೆ ತೀರ್ಪು ರೆಡಿ: ‘ಅಪ್ಪಾ, ಜಂಗ್ ಹತ್ಯಾದ, ಮಾರಿಬಿಡು. ಹೊಸಾದ್ರ ಇಎಂಐ ನಾ ಕಟ್ತೀನಿ.’

ಪ್ರೀತಿಯಿಂದಲೇ ಹೇಳ್ತಾರೆ, ಇಲ್ಲ ಅನ್ನಲ್ಲ. ಆದರೆ ಸುರಪುರದ ಒಳಗಿನ ಹಳ್ಳಿಯಲ್ಲಿ ನಡುರಾತ್ರಿ ಯಾರಿಗಾದರೂ ಎದೆನೋವು ಬಂದರೆ ಯಾದಗಿರಿಗೋ ಕಲಬುರಗಿಗೋ ಓಡುವುದು ಆ ಕಾರೇ. ಅದು ಸ್ಟಾರ್ಟ್ ಆಗುತ್ತೆ, ಬ್ರೇಕ್ ಹಿಡಿಯುತ್ತೆ, ಅಪ್ಪನ ಕೈಗೆ ಪಳಗಿದೆ. ಕಲೆಯೊಂದನ್ನು ನೋಡಿ ಅದನ್ನು ಗುಜರಿ ಅನ್ನೋದು ಯಾವ ಎಂಜಿನಿಯರಿಂಗು?

‘ಇಲ್ಲಿ ಸಮುದ್ರವೇ ಇಲ್ಲ, ಜಂಗು ಎಲ್ಲಿಂದ ಬಂತು’ ಅಂತ ಕೇಳುವವರಿದ್ದಾರೆ. ಮಂಗಳೂರಿಗೆ ಉಪ್ಪುಗಾಳಿ ಇದ್ದರೆ ನಮಗೆ ಎರೆಮಣ್ಣಿದೆ. ನಾರಾಯಣಪುರ ಡ್ಯಾಮಿನ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಹೊಲಗಳಿಗೆ ಭತ್ತ ಬಂತು, ಹೊಲದ ದಾರಿಗೆ ಕೆಸರು ಬಂತು. ಚಕ್ರದ ಮೇಲಿನ ಗೂಡಿನಲ್ಲಿ ಮೆತ್ತಿಕೊಂಡ ಎರೆಮಣ್ಣು ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದೇ ಇರುತ್ತೆ. ಮೇಲಿಂದ ಡಿಕ್ಕಿಯಲ್ಲಿ ಗೊಬ್ಬರದ ಚೀಲ. ಅಂಗಡಿಯಲ್ಲಿ ಪೊಟ್ಯಾಷ್ ಅಂತ ಕೊಡುವುದು ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಖಾಸಾ ತಮ್ಮ. ಹರಿದ ಚೀಲದಿಂದ ಒಂದು ಹಿಡಿ ಉದುರಿದರೆ ಸಮುದ್ರ ಡಿಕ್ಕಿಗೇ ಬಂದಂತೆ.

ಕಬ್ಬಿಣದ ಜಂಗು ಅಲ್ಯೂಮಿನಿಯಂ ಮೇಲಿನ ಪದರದ ಹಾಗೆ ಲೋಹವನ್ನು ಕಾಯುವುದಿಲ್ಲ. ಅದು ಸ್ಪಂಜಿನಂತೆ ನೀರು ಹೀರುತ್ತೆ, ಉಬ್ಬುತ್ತೆ, ಪಕ್ಕದ ಬಣ್ಣವನ್ನು ಎಬ್ಬಿಸುತ್ತೆ. ಅದಕ್ಕೇ ಇವತ್ತಿನ ನಾಣ್ಯ ಮುಂದಿನ ಮಳೆಗಾಲಕ್ಕೆ ಅಂಗೈ ಆಗೋದು. ಇದರ ಮೇಲೆ ಸ್ಟಿಕ್ಕರ್ ಅಂಟಿಸೋದು, ಕೋಟಿಂಗ್ ಪ್ಯಾಕೇಜ್ ಮಾಡಿಸೋದು ಎರರ್ ಮೆಸೇಜನ್ನು ಹೈಡ್ ಮಾಡಿ ಬಗ್ ಹೋಯ್ತು ಅಂದ ಹಾಗೆ. ಜಂಗಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವ ಗ್ಯಾರೇಜುಗಳೂ ಇವೆ. ತಪ್ಪು ಅವರೊಬ್ಬರದೇ ಅಲ್ಲ. ಸಂಜೆಯೊಳಗೆ ಮಿಂಚಬೇಕು ಅನ್ನುವ ಗಿರಾಕಿಯದೂ ಇದೆ. ಅನುಮಾನ ಇದ್ದರೆ ಫ್ರಿಜ್ಜಿನ ಮ್ಯಾಗ್ನೆಟ್ ಹಿಡಿದು ನೋಡಿ, ದಪ್ಪ ಪುಟ್ಟಿ ಇದ್ದ ಕಡೆ ಅದು ಕಚ್ಚೋದಿಲ್ಲ.

ಮಾಡಬೇಕಾದ ಕೆಲಸ ಒಂದು ರಜೆಯದ್ದು. ಬೆಳಿಗ್ಗೆ ಬೇವಿನ ಮರದ ನೆರಳಲ್ಲಿ ಕಾರು ನಿಲ್ಲಿಸಿ, ತೊಳೆದು, ಪೂರ್ತಿ ಒಣಗಿಸಿ. ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ 120 ನಂಬರಿನ ಪಾಲಿಶ್ ಪೇಪರಿನಿಂದ ತಗಡು ಬೆಳ್ಳಗೆ ಕಾಣುವ ತನಕ ತಿಕ್ಕಿ. ಕಂಡ ಕಲೆಗಿಂತ ಬೆರಳಗಲ ಜಾಸ್ತಿಯೇ ತಿಕ್ಕಬೇಕು, ಯಾಕಂದ್ರೆ ಜಂಗು ಬಣ್ಣದಡಿ ಹರಿದಿರುತ್ತೆ. 400ರಲ್ಲಿ ಅಂಚು ನುಣುಪು ಮಾಡಿ. ಸಣ್ಣ ಗುಳಿಗಳಲ್ಲಿ ಉಳಿದದ್ದಕ್ಕೆ ರಸ್ಟ್ ಕನ್ವರ್ಟರ್ ಹಚ್ಚಿ. ಆಮೇಲೆ ಪ್ರೈಮರ್, ಬಣ್ಣ, ಕ್ಲಿಯರ್ ಲ್ಯಾಕರ್. ಎಲ್ಲ ತೆಳ್ಳಗೆ, ಒಂದು ಒಣಗಿದ ಮೇಲೆ ಇನ್ನೊಂದು. ತಿಕ್ಕಿದ ತಗಡನ್ನು ರಾತ್ರಿಯಿಡೀ ಬರಿದೇ ಬಿಟ್ಟರೆ ಮತ್ತೆ ಜಂಗು ಶುರು. ಮಧ್ಯಾಹ್ನದ ಬಿಸಿಲಲ್ಲಂತೂ ಬಣ್ಣ ಹೊಡೆಯಲೇಬೇಡಿ. ಯಾದಗಿರಿಯ ಬೇಸಿಗೆಯಲ್ಲಿ ಬಾನೆಟ್ ಅಂದ್ರೆ ರೊಟ್ಟಿ ಹಂಚು, ಬಣ್ಣ ಗುಳ್ಳೆ ಏಳುತ್ತೆ.

ಇದೇನು ಹೊಸ ವಿದ್ಯೆ ಅಲ್ಲ. ಬಿತ್ತನೆ ಮುಗಿದ ಮೇಲೆ ಕುಂಟೆಯ ಕುಡ ತಿಕ್ಕಿ, ಹಳೇ ಎಂಜಿನ್ ಆಯಿಲ್ ಸವರಿ ತೆಗೆದಿಡುವ ಮನೆಗಳಿಂದಲೇ ಅಲ್ವಾ ನಾವು ಬಂದಿರೋದು? ಕುಡಕ್ಕೆ ಜಂಗು ಬಂತು ಅಂತ ಕುಂಟೆ ಎಸೆದ ರೈತನನ್ನು ನಾನಂತೂ ನೋಡಿಲ್ಲ.

‘ಹದಿನೈದು ವರ್ಷ ಆಯ್ತು, ಇನ್ನು ಗುಜರಿಗೇ’ ಅನ್ನೋದು ದಿಲ್ಲಿಯ ಸುದ್ದಿ ಓದಿ ಹುಟ್ಟಿದ ಭಯ. ನಮ್ಮಲ್ಲಿ ಖಾಸಗಿ ಕಾರನ್ನು ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. 2022ರ ಏಪ್ರಿಲ್‌ನಲ್ಲಿ ಆ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದ್ದು ನಿಜ. ಆದರೂ ಹೊಸ ಕಾರಿನ ಒಂದು ತಿಂಗಳ ಕಂತಿಗೆ ಅದು ಸಾಲುತ್ತಾ, ಲೆಕ್ಕ ಹಾಕಿ.

ಗುಳ್ಳೆ ಎದ್ದ ಕಡೆ ಸ್ಕ್ರೂಡ್ರೈವರ್ ಒತ್ತಿದಾಗ ತಗಡಿನೊಳಗೆ ಇಳಿದರೆ ಮಾತು ಬೇರೆ, ಅದು ವೆಲ್ಡಿಂಗ್ ಕೆಲಸ. ಕಾರಿನ ಅಡಿಭಾಗ, ಸೀಟ್‌ಬೆಲ್ಟ್ ಹಿಡಿದಿರುವ ಜಾಗ ಹಾಗಾಗಿದ್ದರೆ ಮಾರುವ ಮಾತು ಎತ್ತಿ, ನಾನೂ ನಿಮ್ಮ ಕಡೆಯೇ. ಅಲ್ಲಿಯ ತನಕ ಬಾಗಿಲ ತಳದ ನೀರು ಹೋಗುವ ತೂತುಗಳಿಗೆ ಒಂದು ಕಸಬರಿಗೆ ಕಡ್ಡಿ ಹಾಕಿ ಮಣ್ಣು ತೆಗೀರಿ, ಪೊಟ್ಯಾಷ್ ಚೀಲ ಟ್ರ್ಯಾಕ್ಟರಿನಲ್ಲಿ ಬರಲಿ.